ವಿಮಾನದ ಬಾಲವೂ ಮಿಡಿಯುವ ಗಾಳಿಯೂ

ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಚೇಳೂರೆಂಬುದು ಹಲಸಿಗೆ ಹೆಸರಾದ ಹೋಬಳಿ. ಅಲ್ಲಿಯ ಮಾರುಕಟ್ಟೆಗೆ ಬಂದ ಹಣ್ಣು ಲಾರಿಗಳಲ್ಲಿ ಹೊರರಾಜ್ಯಗಳವರೆಗೂ ಹೋಗುವುದೂ, ತಾಮ್ರವರ್ಣದ ತೊಳೆಯ ಸಿದ್ದು ಹಲಸು ಮೊದಲು ಬೆಳಕಿಗೆ ಬಂದುದು ಆ ಸೀಮೆಯಿಂದಲೇ ಎಂಬುದೂ ತೋಟಗಾರರು ಬಲ್ಲ ಸಂಗತಿಗಳು. ತೆಂಗು, ಅಡಕೆ, ರಾಗಿಗಳ ಈ ತಾಲೂಕಿನ ಹೆಸರಿನೊಡನೆ ವಿಮಾನವಿದ್ಯೆಯ ಹೆಸರೂ ಕೂಡಿಕೊಂಡು ಇನ್ನೂ ಹೆಚ್ಚು ಕಾಲವಾಗಿಲ್ಲ. ಬಿದರೆಹಳ್ಳ ಕಾವಲಿನ 615 ಎಕರೆ ನೆಲದಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ (ಎಚ್‌ಎಎಲ್) ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿ 3ರಂದು ಅಡಿಗಲ್ಲು ಬಿದ್ದು, 2023ರ ಫೆಬ್ರವರಿ 6ರಂದು ಅದರ ಉದ್ಘಾಟನೆ ನಡೆಯಿತು. ಇಂಥ ಯಂತ್ರವೊಂದು ತಲೆಯ ಮೇಲೆ ಹಾದುಹೋದಾಗ ನೋಡುವವರ ದೃಷ್ಟಿಯೆಲ್ಲ ಮೇಲೆ ತಿರುಗುವ ದೊಡ್ಡ ಅಲಗುಗಳ ಕಡೆಗೇ ಹೋಗುತ್ತದೆ. ಹಿಂದುಗಡೆಯ ಬಾಲವನ್ನು ಯಾರೂ ಲಕ್ಷಿಸುವುದಿಲ್ಲ. ವಿಮಾನದ ವಿಷಯದಲ್ಲಿಯೂ ಹಾಗೆಯೇ: ರೆಕ್ಕೆಗೆ ಸಲ್ಲುವ ಗೌರವದಲ್ಲಿ ನಾಲ್ಕಾಣೆಯಷ್ಟೂ ಬಾಲಕ್ಕೆ ಸಂದಿಲ್ಲ. ಆದರೂ ಕಳೆದ ಮೂವತ್ತು ನಾಲ್ವತ್ತು ವರ್ಷಗಳಲ್ಲಿ ವಾಯುಗತಿಶಾಸ್ತ್ರಜ್ಞರು ನಡೆಸಿರುವ ಪ್ರಯೋಗಗಳಲ್ಲಿ ಅತ್ಯಂತ ಕುತೂಹಲಕರವಾದ ಒಂದು ನಡೆದುದು ಈ ಬಾಲದ ಮೇಲೆಯೇ.

ಪ್ರಯಾಣಿಕರ ವಿಮಾನವೊಂದರ ಹಿಂಭಾಗದಲ್ಲಿ ನೆಟ್ಟಗೆ ಮೇಲೆದ್ದಿರುವ ಪಟವನ್ನು ಎಲ್ಲರೂ ನೋಡಿದ್ದಾರೆ. ವಿಮಾನ ಸಂಸ್ಥೆಗಳು ತಮ್ಮ ಲಾಂಛನವನ್ನು ಬರೆಯಿಸುವುದು ಅದರ ಮೇಲೆಯೇ ಆದುದರಿಂದ ಅದು ಜಾಹೀರಾತಿನ ಹಲಗೆಯೋ ಎಂದು ಭ್ರಮಿಸುವುದಕ್ಕೂ ಆಸ್ಪದವುಂಟು. ಅದರ ಮುಂದಿನ ಭಾಗ ಅಚಲವಾದುದು. ಹಿಂದಿನ ಭಾಗ ಬಾಗಿಲಿಗಿರುವಂಥ ಕೀಲುಗಳ ಮೇಲೆ ಎಡಕ್ಕೂ ಬಲಕ್ಕೂ ತಿರುಗತಕ್ಕದ್ದು. ಈ ತಿರುಗುವ ಭಾಗವನ್ನು ಚುಕ್ಕಾಣಿಯೆನ್ನುತ್ತೇವೆ. ಪೈಲಟ್ ಪಾದದಡಿಯ ಪೆಡಲನ್ನು ಒತ್ತಿದಾಗ ಚುಕ್ಕಾಣಿ ಒಂದು ಪಕ್ಕಕ್ಕೆ ಮಣಿದು, ಬಾಲದ ಮೇಲೆ ಪಾರ್ಶ್ವಬಲ ಹುಟ್ಟಿ, ವಿಮಾನದ ಮೂತಿ ಬೇಕಾದ ದಿಕ್ಕಿಗೆ ತಿರುಗುತ್ತದೆ. ರೆಕ್ಕೆಯು ವಿಮಾನವನ್ನು ಮೇಲಕ್ಕೆತ್ತುವುದು ಯಾವ ತತ್ತ್ವದಿಂದಲೋ ಅದೇ ತತ್ತ್ವದಿಂದ ಬಾಲವು ಅದನ್ನು ಪಕ್ಕಕ್ಕೆ ದೂಡುತ್ತದೆ. ಬಾಲವೆಂದರೆ ನೆಟ್ಟಗೆ ನಿಲ್ಲಿಸಿದ ರೆಕ್ಕೆಯೇ ಸರಿ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆಕಾಶದಲ್ಲಿ ನೆಟ್ಟಗೆ ಸಾಗುವ ವಿಮಾನಕ್ಕೆ ಚುಕ್ಕಾಣಿಯ ಕೆಲಸ ಬಹಳ ಕಡಮೆ; ಹೀಗಿರುವಲ್ಲಿ ಅಷ್ಟೆತ್ತರದ, ಅಷ್ಟು ಭಾರದ ಬಾಲವೇಕೆ? ಉತ್ತರ ಸಿಕ್ಕುವುದು ಸಾಮಾನ್ಯ ದಿನಗಳ ಹಾರಾಟದಲ್ಲಲ್ಲ, ಅಪೂರ್ವವಾದ ಒಂದು ದುರ್ದಿನದಲ್ಲಿ. ಎರಡು ರೆಕ್ಕೆಗಳ ಕೆಳಗೆ ಎರಡು ಎಂಜಿನ್ನುಗಳಿರುವ ವಿಮಾನ ನೆಲವನ್ನು ಬಿಡುವ ಹೊತ್ತಿಗೆ ಸರಿಯಾಗಿ ಒಂದು ಎಂಜಿನ್ ನಿಂತುಹೋಯಿತೆಂದು ಭಾವಿಸೋಣ. ಉಳಿದ ಎಂಜಿನ್ ಪೂರ್ಣಬಲದಿಂದ ಒಂದೇ ಪಕ್ಕವನ್ನು ಮುಂದಕ್ಕೆ ನೂಕುತ್ತಿರುವುದರಿಂದ ವಿಮಾನ ಸತ್ತ ಎಂಜಿನ್ನಿನ ಕಡೆಗೆ ಹೊರಳಲೆಳಸುತ್ತದೆ. ಆ ಹೊರಳಿಕೆಯನ್ನು ತಡೆಯಬಲ್ಲುದು ಚುಕ್ಕಾಣಿಯೊಂದೇ. ವೇಗವಾದರೂ ಆಗ ತೀರ ಕಡಮೆ. ಗಾಳಿಯ ಬಲವು ವೇಗದ ವರ್ಗಕ್ಕನುಗುಣವಾಗಿ ಏರಿಳಿಯತಕ್ಕದ್ದಾದುದರಿಂದ, ವೇಗ ಅರ್ಧಕ್ಕಿಳಿದರೆ ಬಾಲದ ಶಕ್ತಿ ಕಾಲುಪಾಲಿಗಿಳಿಯುತ್ತದೆ. ಈ ಒಂದು ಘಳಿಗೆಯ ಬೇಡಿಕೆಯನ್ನು ಪೂರೈಸುವುದಕ್ಕಾಗಿಯೇ, ಇದರೊಡನೆ ಅಡ್ಡಗಾಳಿಯಲ್ಲಿ ಇಳಿಯುವ ಕಷ್ಟವನ್ನು ಎದುರಿಸುವುದಕ್ಕಾಗಿಯೂ, ಬಾಲದ ವಿಸ್ತಾರ ನಿಶ್ಚಯವಾಗುತ್ತದೆ. ಬಹುಪಾಲು ವಿಮಾನಗಳು ತಮ್ಮ ಆಯುಷ್ಯದಲ್ಲಿ ಅಂಥ ಘಳಿಗೆಯನ್ನು ಕಾಣದೆಯೇ ಕೆಲಸದಿಂದ ನಿವೃತ್ತವಾಗುತ್ತವೆ; ಆದರೆ ಆ ಘಳಿಗೆಗಾಗಿ ಕಟ್ಟಿದ ಬಾಲದ ತೂಕವನ್ನೂ, ಅದರ ಮೈಯ ಮೇಲೆ ಗಾಳಿ ಉಜ್ಜುವುದರಿಂದ ಹುಟ್ಟುವ ಎಳೆತವನ್ನೂ ಪ್ರತಿದಿನವೂ ಹೊತ್ತು ತಿರುಗಬೇಕು, ಅದಕ್ಕಾಗಿ ಇಂಧನವನ್ನು ಸುಡಬೇಕು.

ಹಾಗಾದರೆ ಬಾಲವನ್ನು ಚಿಕ್ಕದಾಗಿ ಮಾಡಿ, ಬೇಕಾದಾಗ ಚುಕ್ಕಾಣಿಯನ್ನು ಇನ್ನೂ ಹೆಚ್ಚಾಗಿ ಮಣಿಸಬಾರದೇಕೆ ಎಂದರೆ, ಅಲ್ಲಿ ಪ್ರಕೃತಿಯೇ ಒಂದು ಮಿತಿಯನ್ನಿಟ್ಟಿದೆ. ಗುಬ್ಬಿ ತಾಲೂಕಿನ ಮೂಲಕ ಹರಿಯುವ ಹೇಮಾವತಿ ನಾಲೆಯಂಥ ಕಾಲುವೆಯೊಂದನ್ನು ನೆನೆಯಿರಿ. ಕಿರಿದಾದ ತೂಬಿನಿಂದ ಹೊರಟು ಕಾಲುವೆ ಥಟ್ಟನೆ ಅಗಲವಾಗುವೆಡೆಯಲ್ಲಿ ನಡುವಿನ ನೀರು ಮುಂದಕ್ಕೆ ಹರಿಯುತ್ತಿದ್ದರೂ ದಡದ ಅಂಚಿನ ನೀರು ಹಿಮ್ಮೆಟ್ಟಿ, ಅಲ್ಲಿ ಬಿದ್ದ ಕಸಕಡ್ಡಿ ಪ್ರವಾಹಕ್ಕೆ ಇದಿರಾಗಿ ಸುತ್ತುತ್ತಿರುವುದನ್ನು ಯಾರು ಬೇಕಾದರೂ ನೋಡಬಹುದು. ಹರಿವು ಅಗಲವಾದಂತೆ ವೇಗ ತಗ್ಗಿ ಮುಂದಿನ ಒತ್ತಡ ಏರುತ್ತದೆ. ನಡುವಿನ ನೀರಿಗೆ ಆ ಏರನ್ನು ಹತ್ತುವ ತ್ರಾಣವಿರುತ್ತದೆ, ದಡಕ್ಕೆ ಉಜ್ಜಿ ಉಜ್ಜಿ ಸೋತ ನೀರಿಗೆ ಇರುವುದಿಲ್ಲ. ಚುಕ್ಕಾಣಿ ಮಣಿದಾಗ ಬಾಲದ ಮರೆಬದಿಯಲ್ಲಿ ನಡೆಯುವುದೂ ಇದೇ. ಮೈಗೆ ಅಂಟಿಕೊಂಡು ಬರುವ ತೆಳ್ಳನೆಯ ಗಾಳಿಯ ಪದರ ಕೀಲಿನ ಬಳಿಯ ಬಾಗನ್ನು ದಾಟಿ ಏರುವ ಒತ್ತಡವನ್ನೆದುರಿಸಲಾರದೆ ಮೈಯನ್ನು ಬಿಟ್ಟುಹೋಗುತ್ತದೆ. ಹಿಂದೆ ಸುಳಿಗಳು ತುಂಬಿಕೊಳ್ಳುತ್ತವೆ. ಚುಕ್ಕಾಣಿಯನ್ನು ಎಷ್ಟು ಮಣಿಸಿದರೂ ಪಾರ್ಶ್ವಬಲ ಅದಕ್ಕೆ ತಕ್ಕಂತೆ ಏರುವುದಿಲ್ಲ.

ಮೈಗಂಟಿದ ಈ ಸೀಮಾಪದರದ ರಹಸ್ಯವನ್ನು ಮೊದಲು ಬಿಡಿಸಿದವನು ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್. 1904ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಕೂಡಿದ ಗಣಿತಜ್ಞರ ಸಮ್ಮೇಳನದಲ್ಲಿ ಆತ ಓದಿದ ಪ್ರಬಂಧ ಕೆಲವೇ ಪುಟಗಳದು; ಆದರೆ ಆಧುನಿಕ ವಿಮಾನಶಾಸ್ತ್ರವೆಲ್ಲ ಆ ಪುಟಗಳಿಂದ ಹೊರಟಿತೆಂದರೆ ಅತಿಶಯೋಕ್ತಿಯಾಗದು. ಹರಿವು ಮೈಯನ್ನು ಬಿಡುವುದೇಕೆಂದು ಹೇಳಿದ್ದು ಮಾತ್ರವಲ್ಲ, ಉರುಳೆಯೊಂದರ ಮೈಯಲ್ಲಿ ಸೀಳು ಮಾಡಿ ಸೋತ ಪದರವನ್ನು ಒಳಕ್ಕೆ ಹೀರಿಬಿಟ್ಟರೆ ಹರಿವು ಮತ್ತೆ ಅಂಟಿಕೊಳ್ಳುತ್ತದೆಂದು ಕೂಡ ಆತ ತೋರಿಸಿದ. ರೋಗನಿದಾನವೂ ಚಿಕಿತ್ಸೆಯೂ ಒಂದೇ ಪ್ರಬಂಧದಲ್ಲಿ ದೊರೆಯುವುದು ವಿಜ್ಞಾನದ ಚರಿತ್ರೆಯಲ್ಲಿ ವಿರಳ.

ಈ ಸೀಮಾಪದರದ ಅಧ್ಯಯನದಲ್ಲಿ ಬೆಂಗಳೂರಿಗೆ ಒಂದು ಪರಂಪರೆಯೇ ಉಂಟೆಂಬುದನ್ನು ಕನ್ನಡದ ಓದುಗರು ತಿಳಿದಿರುವುದು ಯುಕ್ತ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನವಿದ್ಯೆಯ ವಿಭಾಗ ಆರಂಭವಾದುದು 1942ರಲ್ಲಿ, ವಿಷ್ಣು ಮಾಧವ ಘಾಟಗೆಯವರ ಮುಂದಾಳುತನದಲ್ಲಿ. ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಹಾನ್ಸ್ ಲೀಪ್‌ಮನ್ನರ ಬಳಿ ಓದಿ, ಗಾಳಿ ಮೈಯನ್ನು ಉಜ್ಜುವ ಬಲವನ್ನು ನೇರವಾಗಿ ಅಳೆಯುವ ಸಾಧನವನ್ನು ರಚಿಸಿದ್ದ ಸತೀಶ್ ಧವನ್ 1951ರಲ್ಲಿ ಈ ವಿಭಾಗವನ್ನು ಸೇರಿದರು. ಮುಂದೆ ಅಂತರಿಕ್ಷ ಕಾರ್ಯದ ನಾಯಕರಾಗಿ ದೇಶಕ್ಕೆಲ್ಲ ಪರಿಚಿತರಾದ ಧವನರು ಮೊದಲು ಸೀಮಾಪದರದ ವಿದ್ವಾಂಸರೆಂಬುದು ಈಗ ಹಲವರಿಗೆ ಮರೆತುಹೋಗಿದೆ. ಅವರ ಶಿಷ್ಯರಾದ ರೊದ್ದಂ ನರಸಿಂಹ, ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತ ಕನ್ನಡದಲ್ಲಿ ವಿಜ್ಞಾನವನ್ನು ಬರೆದ ಆರ್. ಎಲ್. ನರಸಿಂಹಯ್ಯನವರ ಮಗ. ನಯವಾಗಿ ಹರಿಯುವ ಪದರವು ಕ್ಷುಬ್ಧವಾಗುವ ಸಂಧಿಕಾಲದ ಸ್ವರೂಪವನ್ನು ಕುರಿತು ಗುರುಶಿಷ್ಯರು 1958ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಇಂದಿಗೂ ಪ್ರಪಂಚದ ಪ್ರಯೋಗಶಾಲೆಗಳು ಉಲ್ಲೇಖಿಸುತ್ತವೆ. ಸಂಸ್ಥೆಯ ಆವರಣದಲ್ಲಿ 14 ಅಡಿ ಅಗಲ, 9 ಅಡಿ ಎತ್ತರದ ಬಾಯಿಯುಳ್ಳ ಗಾಳಿಸುರಂಗವೂ, ಬೆಂಗಳೂರಿನಲ್ಲಿಯೇ ಬೇಲೂರು ಆವರಣದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1967ರಿಂದ ಕೆಲಸಮಾಡುತ್ತಿರುವ, ಶಬ್ದಾತೀತ ವೇಗವನ್ನೂ ಮುಟ್ಟಬಲ್ಲ 1.2 ಮೀಟರ್ ಸುರಂಗವೂ ದೇಶದ ಅನೇಕ ವಿಮಾನಗಳ ಜಾತಕವನ್ನು ನೋಡಿವೆ. ಗಾಳಿಯ ಉಜ್ಜುವಿಕೆಯನ್ನು ತಗ್ಗಿಸುವ ಸೂಕ್ಷ್ಮ ಗೆರೆಗಳ ಹೊದಿಕೆಯನ್ನು ಕುರಿತೂ, ಹರಿವು ಮೈಬಿಡುವುದನ್ನು ಹತೋಟಿಗೆ ತರುವ ಬಗೆಗಳನ್ನು ಕುರಿತೂ ಅಲ್ಲಿ ಪಿ. ಆರ್. ವಿಶ್ವನಾಥ್ ಮೊದಲಾದವರು ನಡೆಸಿದ ಕೆಲಸವನ್ನು ಹೊರನಾಡಿನವರೂ ಮನ್ನಿಸಿದ್ದಾರೆ.

ಚಿಕಿತ್ಸೆಯ ವಿಚಾರಕ್ಕೆ ಬರೋಣ. ಅತ್ಯಂತ ಅಗ್ಗದ ಉಪಾಯವೆಂದರೆ ರೆಕ್ಕೆಯ ಅಥವಾ ಬಾಲದ ಮೈಮೇಲೆ ಬೆರಳುದ್ದದ ತಗಡಿನ ಚೂರುಗಳನ್ನು ಓರೆಯಾಗಿ ನೆಡುವುದು. ಅವು ಎಬ್ಬಿಸುವ ಪುಟ್ಟ ಸುಳಿಗಳು ಮೇಲಿನ ಚುರುಕಾದ ಗಾಳಿಯನ್ನು ಕೆಳಕ್ಕೆಳೆದು ಸೋತ ಪದರಕ್ಕೆ ತ್ರಾಣ ಕೊಡುತ್ತವೆ. ಕೊರತೆಯೆಂದರೆ ಅವು ಬೇಡದ ಹೊತ್ತಿನಲ್ಲಿಯೂ ಅಲ್ಲಿಯೇ ನಿಂತು ಎಳೆತವನ್ನು ಹೆಚ್ಚಿಸುತ್ತವೆ. ಎರಡನೆಯ ಉಪಾಯ ಎಂಜಿನ್ನಿನಿಂದ ಒತ್ತಡದ ಗಾಳಿಯನ್ನು ಕದ್ದು ತಂದು ಸೀಳಿನ ಮೂಲಕ ಎಡೆಬಿಡದೆ ಊದುವುದು. ಇದು ಕೇವಲ ಪುಸ್ತಕದ ಮಾತಲ್ಲ: ನಾಸಿಕದ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ವಾಯುಸೇನೆಯಲ್ಲಿ ದಶಕಗಳ ಕಾಲ ದುಡಿದು, 2025ರ ಸೆಪ್ಟೆಂಬರ್ 26ರಂದು ಬೀಳ್ಕೊಡುಗೆ ಪಡೆದ ಮಿಗ್-21ರ ಮುಂದುವರಿದ ಮಾದರಿಗಳಲ್ಲಿ ರೆಕ್ಕೆಯ ಹಿಂಬದಿಯ ಫ್ಲಾಪುಗಳ ಮೇಲೆ ಹೀಗೆಯೇ ಗಾಳಿಯನ್ನೂದಿ ಇಳಿಯುವ ವೇಗವನ್ನು ತಗ್ಗಿಸುತ್ತಿದ್ದರು. ಆದರೆ ಸತತವಾಗಿ ಊದುವುದಕ್ಕೆ ಬಹಳ ಗಾಳಿ ಬೇಕು; ಎಂಜಿನ್ನಿನ ನೂಕುಬಲದಲ್ಲಿ ಅಷ್ಟು ಪಾಲು ಅದಕ್ಕೆ ದಂಡವಾಗಿ ಹೋಗುತ್ತದೆ. ಯುದ್ಧವಿಮಾನ ಈ ದಂಡವನ್ನು ತೆತ್ತೀತು, ಟಿಕೆಟ್ಟಿನ ಹಣದಿಂದ ಬದುಕುವ ವಿಮಾನ ತೆರಲಾರದು.

ಊದುವುದನ್ನು ಬಿಟ್ಟು ಬಿಟ್ಟು ಊದಿದರೆ ಹೇಗೆ ಎಂಬ ಆಲೋಚನೆಗೆ ಪುಷ್ಟಿ ದೊರೆತದ್ದು 1980ರ ದಶಕದ ಅನಂತರ. ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾನಿಲಯದಲ್ಲಿಯೂ ಅಮೆರಿಕದ ಅರಿಜೋನಾದಲ್ಲಿಯೂ ಕೆಲಸಮಾಡಿದ ಇಸ್ರೇಲ್ ವಿಗ್ನಾನ್‌ಸ್ಕಿ, ಅವರ ಸಂಗಡಿಗರಾದ ಅವಿ ಸೈಫರ್ಟ್ ಮೊದಲಾದವರು ಇಂಥ ಮಿಡಿಯುವ ವಾಯುಧಾರೆಗಳಿಂದ ನಡೆಸಿದ ಪ್ರಯೋಗಗಳಲ್ಲಿ, ಸತತವಾಗಿ ಊದಿದಾಗ ಬೇಕಾಗುತ್ತಿದ್ದ ಆವೇಗದ ಹತ್ತನೆಯ ಒಂದು ಪಾಲಿನಿಂದಲೇ, ಕೆಲವೆಡೆ ಅದಕ್ಕೂ ಕಡಮೆಯಿಂದಲೇ, ಮೈಬಿಟ್ಟ ಹರಿವನ್ನು ಮತ್ತೆ ಅಂಟಿಸಲು ಸಾಧ್ಯವೆಂದು ಕಂಡುಬಂತು.

ಅಲ್ಪದಿಂದ ಇಷ್ಟು ಫಲ ದೊರೆಯಲು ಕಾರಣವೇನು? ಮೈಯನ್ನು ಬಿಟ್ಟು ಹೊರಟ ಗಾಳಿಯ ಪದರ, ಒಂದು ಕಡೆ ವೇಗದ ಗಾಳಿ, ಇನ್ನೊಂದು ಕಡೆ ಹೆಚ್ಚುಕಡಮೆ ನಿಶ್ಚಲವಾದ ಗಾಳಿ, ಇವೆರಡರ ನಡುವೆ ಸಿಕ್ಕಿದ ತೆಳುವಾದ ಹಾಳೆ. ಅದು ಸ್ವಭಾವತಃ ಅಸ್ಥಿರ. ಸ್ವಲ್ಪ ಕದಲಿಸಿದರೆ ಸಾಕು, ಸುರುಳಿಸುತ್ತಿಕೊಂಡು ದೊಡ್ಡ ಸುಳಿಗಳಾಗಿ ಮಾರ್ಪಡುತ್ತದೆ. ಮಿಡಿಯುವ ಧಾರೆ ಮಾಡುವುದು ಈ ಕದಲಿಸುವಿಕೆಯಷ್ಟನ್ನೇ. ಸುಳಿಗಳನ್ನು ಬೆಳೆಯಿಸುವ ಶಕ್ತಿ ಬರುವುದು ಧಾರೆಯಿಂದಲ್ಲ, ವಿಮಾನದ ಸುತ್ತ ಹರಿಯುವ ಗಾಳಿಯಿಂದಲೇ. ಹೀಗೆ ಬೆಳೆದ ಸುಳಿಗಳು ಹೊರಗಿನ ಬಲವಾದ ಗಾಳಿಯನ್ನು ಮೈಯ ಕಡೆಗೆ ಮೊಗೆದು ತಂದು ಸುರಿಯುತ್ತವೆ. ಸೋತ ಪದರಕ್ಕೆ ಹೊಸ ತ್ರಾಣ ಬಂದು ಹರಿವು ಮೈಗೆ ಮರಳುತ್ತದೆ. ಆದರೆ ಮಿಡಿತದ ಕಾಲ ಸರಿಯಾಗಿರಬೇಕು. ಚುಕ್ಕಾಣಿಯ ಉದ್ದವನ್ನು ಗಾಳಿ ದಾಟಿಹೋಗುವಷ್ಟು ಹೊತ್ತಿಗೆ ಸುಮಾರು ಒಂದು ಮಿಡಿತ ಎಂಬುದು ಪ್ರಯೋಗಗಳಿಂದ ದೊರೆತ ಅಂದಾಜು. ಚುಕ್ಕಾಣಿ 2 ಮೀಟರ್ ಉದ್ದ, ಗಾಳಿ ಸೆಕೆಂಡಿಗೆ 60 ಮೀಟರ್ ವೇಗದ್ದು ಎಂದಿಟ್ಟುಕೊಂಡರೆ, ಸೆಕೆಂಡಿಗೆ 30 ಮಿಡಿತ. ಬಹಳ ಬೇಗ ಮಿಡಿದರೆ ಸುಳಿಗಳು ಬೆಳೆಯುವ ಮೊದಲೇ ನಶಿಸುತ್ತವೆ; ಬಹಳ ನಿಧಾನವಾದರೆ ಎರಡು ಸುಳಿಗಳ ನಡುವಿನ ಬಿಡುವಿನಲ್ಲಿ ಹರಿವು ಮತ್ತೆ ಬಿಟ್ಟುಹೋಗುತ್ತದೆ. ಸ್ಥಾನವೂ ಅಷ್ಟೇ ಮುಖ್ಯ: ಹರಿವು ಬಿಡುವ ಜಾಗಕ್ಕೆ ಸ್ವಲ್ಪ ಮುಂಚೆ, ಎಂದರೆ ಚುಕ್ಕಾಣಿಯ ಕೀಲಿನ ಬಳಿಯಲ್ಲಿ, ರಂಧ್ರಗಳನ್ನಿಡಬೇಕು.

ಮಿಡಿತವನ್ನು ಹುಟ್ಟಿಸುವ ಯಂತ್ರಗಳಲ್ಲಿ ಹಲವು ಬಗೆ. ಕವಾಟವನ್ನು ತೆರೆದು ಮುಚ್ಚುವುದು ಎಲ್ಲರಿಗೂ ತೋಚುವ ದಾರಿ; ಆದರೆ ಕವಾಟ ಸವೆಯುತ್ತದೆ, ಕೆಡುತ್ತದೆ. ಎರಡನೆಯದು ಜಾರ್ಜಿಯಾ ಟೆಕ್‌ನಲ್ಲಿ ಆರಿ ಗ್ಲೇಜರ್ ಮೊದಲಾದವರು ಬೆಳೆಸಿದ ವಿಧಾನ: ಪುಟ್ಟ ಪೆಟ್ಟಿಗೆಯ ತಳದಲ್ಲಿರುವ ಪೊರೆ ವಿದ್ಯುತ್ತಿನಿಂದ ಕಂಪಿಸುತ್ತ ಒಂದೇ ರಂಧ್ರದಿಂದ ಗಾಳಿಯನ್ನು ಹೀರಿ ಉಗುಳುತ್ತಿರುತ್ತದೆ, ಇದಕ್ಕೆ ಕೊಳವೆಯೂ ಬೇಡ, ಗಾಳಿಯ ಭಂಡಾರವೂ ಬೇಡ. ಮೂರನೆಯದು ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವಂಥದು. ಅಂಗೈಯೊಳಗೆ ಹಿಡಿಯುವಷ್ಟು ಲೋಹದ ತುಂಡಿನೊಳಗೆ ಕೊರೆದ ಒಂದು ಕೋಣೆ. ಅದರ ಎರಡು ಪಕ್ಕಗಳಲ್ಲಿ ಮುಂದಿನಿಂದ ಹಿಂದಕ್ಕೆ ಮರಳುವ ಎರಡು ಕಿರುದಾರಿಗಳು. ಒಳಗೆ ನುಗ್ಗಿದ ಗಾಳಿ ಸಮೀಪದ ಗೋಡೆಗೆ ಅಂಟಿಕೊಳ್ಳುವುದು ಧಾರೆಗಳ ಸ್ವಭಾವ. ಎಡಗೋಡೆಗೆ ಅಂಟಿತೆನ್ನಿ, ಹೊರಡುವ ಗಾಳಿಯಲ್ಲಿ ಒಂದಿಷ್ಟು ಎಡಗಡೆಯ ಕಿರುದಾರಿಯಿಂದ ಹಿಂದಕ್ಕೆ ಹರಿದು ಬಂದು ಧಾರೆಯ ಬುಡವನ್ನು ತಳ್ಳುತ್ತದೆ, ಧಾರೆ ಬಲಗೋಡೆಗೆ ಹೋಗುತ್ತದೆ, ಅಲ್ಲಿಯೂ ಅದೇ ಕಥೆ. ಹೀಗೆ ಚಲಿಸುವ ಭಾಗವೊಂದೂ ಇಲ್ಲದೆ, ವಿದ್ಯುತ್ತಿನ ಸೋಂಕಿಲ್ಲದೆ, ಹೊರಬರುವ ಧಾರೆ ಎಡಕ್ಕೂ ಬಲಕ್ಕೂ ಬೀಸುತ್ತ, ಬೀಸಿದೆಡೆಯೆಲ್ಲ ಮೈಯನ್ನು ಗುಡಿಸಿದಂತೆ ಸಾಗುತ್ತದೆ. ಈ ಸಾಧನದ ಬೀಜ ಅಮೆರಿಕದ ಸೈನಿಕ ಪ್ರಯೋಗಶಾಲೆಗಳಲ್ಲಿ ಬಹಳ ಹಿಂದೆ ಮೊಳೆತದ್ದು. ಕಾರಿನ ಮುಂಗಾಜಿಗೆ ನೀರನ್ನು ಬೀಸಿ ಚಿಮುಕಿಸುವ ಪುಟ್ಟ ಮೂತಿಗಳಲ್ಲಿ ಅದು ಬಳಕೆಗೆ ಬಂದು ಎಷ್ಟೋ ವರ್ಷಗಳಾದವು.

ಈ ಬೀಸುವ ಧಾರೆಗಳನ್ನು ಬಾಲದ ಮೇಲೆ ಪರೀಕ್ಷಿಸಲು ನಾಸಾ ಮತ್ತು ಬೋಯಿಂಗ್ ಕೂಡಿ ಹೊರಟವು. ಮೊದಲು ಸುಮಾರು ಏಳರಲ್ಲೊಂದು ಗಾತ್ರದ ಮಾದರಿಯ ಮೇಲೆ ಪ್ರಯೋಗ ನಡೆಯಿತು, ಧವನ್ ಹಾಗೂ ನರಸಿಂಹ ಇಬ್ಬರೂ ವ್ಯಾಸಂಗಮಾಡಿದ ಆ ಕ್ಯಾಲ್‌ಟೆಕ್‌ನಲ್ಲಿಯೇ. ಸಣ್ಣ ಮಾದರಿಯಲ್ಲಿ ಫಲಿಸಿದುದು ದೊಡ್ಡದರಲ್ಲಿ ಫಲಿಸಲೇಬೇಕೆಂಬ ನಿಯಮವಿಲ್ಲ. ಗಾಳಿಯ ಅಂಟುತನ ಗಾತ್ರ ಬದಲಾದಂತೆ ಬೇರೆ ಬೇರೆಯಾಗಿ ವರ್ತಿಸುತ್ತದೆ. ಆದಕಾರಣ ಕೆಲಸದಿಂದ ನಿವೃತ್ತವಾದ ಬೋಯಿಂಗ್ 757 ವಿಮಾನವೊಂದರ ನಿಜವಾದ ಬಾಲವನ್ನೇ ಬಿಚ್ಚಿ ತಂದು, ಕ್ಯಾಲಿಫೋರ್ನಿಯಾದ ಏಮ್ಸ್ ಕೇಂದ್ರದಲ್ಲಿರುವ 40 ಅಡಿ ಎತ್ತರ, 80 ಅಡಿ ಅಗಲದ ಮಹಾಸುರಂಗದಲ್ಲಿ 2013ರಲ್ಲಿ ನಿಲ್ಲಿಸಿದರು. ಚುಕ್ಕಾಣಿಯನ್ನು ಪೂರ್ಣವಾಗಿ ಮಣಿಸಿ ಧಾರೆಗಳನ್ನು ಬಿಟ್ಟಾಗ ಪಾರ್ಶ್ವಬಲ ಶೇಕಡ 20ಕ್ಕೂ ಮಿಕ್ಕು ಏರಿತು. 2015ರಲ್ಲಿ ಹಾರುವ ಪ್ರಯೋಗಶಾಲೆಯಾಗಿ ಸಜ್ಜುಗೊಳಿಸಿದ್ದ ಬೇರೊಂದು 757ರ ಬಾಲದ ಬಲಬದಿಯಲ್ಲಿ ಇಂಥ 31 ಮೂತಿಗಳನ್ನು ಜೋಡಿಸಿ ಆಕಾಶಕ್ಕೇರಿಸಿದರು. ಗಾಳಿ ಒದಗಿಸಿದ್ದು ವಿಮಾನದ ಹಿಂತುದಿಯಲ್ಲಿರುವ ಸಹಾಯಕ ಎಂಜಿನ್. ಅದು ಹೊರಬಿಡುವ ಗಾಳಿ ಕಡುಬಿಸಿಯಾದುದರಿಂದ ದಾರಿಯಲ್ಲಿ ಅದನ್ನು ತಣಿಸುವ ಏರ್ಪಾಡೂ ಇತ್ತು. ಹಾರಾಟದಲ್ಲಿಯೂ ಪಾರ್ಶ್ವಬಲ ಏರಿತು, ಸುರಂಗದಲ್ಲಿ ಕಂಡಷ್ಟಲ್ಲವಾದರೂ ಶೇಕಡ 13ರಿಂದ 16ರಷ್ಟು ಎಂದು ಲೆಕ್ಕ ಹಾಕಿದರು.

ಈ ಏರಿಕೆಯ ಬಲದಿಂದ ಬಾಲವನ್ನು ಸುಮಾರು ಶೇಕಡ 17ರಷ್ಟು ಕಿರಿದುಮಾಡಬಹುದು, ಅದರಿಂದ ಇಂಧನದಲ್ಲಿ ಶೇಕಡ ಅರ್ಧದವರೆಗೆ ಉಳಿಯಬಹುದು ಎಂಬುದು ನಾಸಾದ ಅಂದಾಜು. ಶೇಕಡ ಅರ್ಧವೆಂದರೆ ನಗು ಬರಬಹುದು. ಮಧ್ಯಮ ಗಾತ್ರದ ಪ್ರಯಾಣಿಕ ವಿಮಾನ ಗಂಟೆಗೆ ಸುಮಾರು 2,500 ಕಿಲೋಗ್ರಾಂ ಇಂಧನವನ್ನು ಸುಡುತ್ತದೆ. ವರ್ಷಕ್ಕೆ 3,000 ಗಂಟೆ ಹಾರಿದರೆ ಉಳಿಯುವುದು 37 ಟನ್ನಿಗೂ ಹೆಚ್ಚು. ಒಂದು ವಿಮಾನದ ಒಂದು ವರ್ಷದ ಲೆಕ್ಕ ಇದು. ವಿಮಾನವಾದರೋ ಇಪ್ಪತ್ತು ಇಪ್ಪತ್ತೈದು ವರ್ಷ ಬಾಳುವಂಥದು, ಸಂಸ್ಥೆಯೊಂದರಲ್ಲಿರುವುದು ನೂರಾರು. ಆದಾಗ್ಯೂ ಮೂತಿಗಳ, ಕೊಳವೆಗಳ, ತಣಿಸುವ ಯಂತ್ರದ ತೂಕವನ್ನೂ ಅವುಗಳ ದುರಸ್ತಿಯ ವೆಚ್ಚವನ್ನೂ ಈ ಉಳಿತಾಯದಲ್ಲಿ ಕಳೆಯಬೇಕೆಂಬುದನ್ನು ಉತ್ಸಾಹಿಗಳು ಮರೆಯಬಾರದು.

ಬಾಲದ ಹರಿವು ಕೆಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮಲ್ಲಿಯೇ ಒಂದು ದೀರ್ಘವಾದ ನಿದರ್ಶನವುಂಟು. ಹಳೆಯ ಕಿರಣ್ ತರಬೇತಿ ವಿಮಾನದ ಉತ್ತರಾಧಿಕಾರಿಯಾಗಬೇಕೆಂದು ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಜೆಟಿ-36 ಸಿತಾರಾ 2003ರ ಮಾರ್ಚ್ 7ರಂದು ಮೊದಲು ಹಾರಿತು. ಹಾರಾಟ ಸುಲಲಿತವಾಗಿಯೇ ಇತ್ತು. ತೊಡಕು ಕಾಣಿಸಿದ್ದು ರೆಕ್ಕೆಯ ಮೇಲಿನ ಹರಿವು ಬಿಟ್ಟುಹೋಗಿ ವಿಮಾನ ಸ್ತಂಭಿಸುವ ಸಂದರ್ಭದಲ್ಲಿಯೂ, ಅದರ ಮುಂದಿನ ಘಟ್ಟವಾದ ಗಿರಕಿಯಲ್ಲಿಯೂ. ಕಲಿಯುವ ಪೈಲಟ್ಟುಗಳಿಗೆ ಗಿರಕಿಗೆ ಬೀಳುವುದನ್ನೂ ಅದರಿಂದ ಹೊರಬರುವುದನ್ನೂ ಕಲಿಸಬೇಕಾದುದರಿಂದ ತರಬೇತಿ ವಿಮಾನದಲ್ಲಿ ಈ ದೋಷ ಕ್ಷಮಾರ್ಹವಲ್ಲ. 2011ರ ಏಪ್ರಿಲಿನಲ್ಲಿ ಮಾದರಿ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ ತಮಿಳುನಾಡಿನ ನೆಲದ ಮೇಲೆ ಬಿದ್ದಿತು. ಪೈಲಟ್ಟುಗಳು ಆಸನಸಮೇತ ಹೊರಚಿಮ್ಮಿ ಬದುಕಿದರು. ವರ್ಷಗಳ ವ್ಯಾಸಂಗದ ಅನಂತರ ಆರಿಸಿಕೊಂಡ ಪರಿಹಾರವಾದರೋ ಹಳೆಯ ಕಾಲದ್ದು: ನೆಟ್ಟನೆಯ ಬಾಲವನ್ನು ಹಿಂದಕ್ಕೆ ಸರಿಸಿ, ಚುಕ್ಕಾಣಿಯನ್ನು ವಿಸ್ತರಿಸಿದರು. ಬಾಲ ಹಿಂದಕ್ಕೆ ಹೋದಷ್ಟೂ ಸನ್ನೆಯ ತೋಳು ಉದ್ದವಾಗುತ್ತದೆ. ಚುಕ್ಕಾಣಿ ದೊಡ್ಡದಾದಷ್ಟೂ ಒಡಲಿನ ಹಾಗೂ ಅಡ್ಡಬಾಲದ ಸುಳಿಗಳ ಮರೆಯಿಂದ ಅದರ ಹೆಚ್ಚು ಭಾಗ ಹೊರಗುಳಿಯುತ್ತದೆ. 2019ರಲ್ಲಿ ಬದಲಾದ ರೂಪದಲ್ಲಿ ಮತ್ತೆ ಹಾರಿದ ಈ ವಿಮಾನ ಎಡಕ್ಕೂ ಬಲಕ್ಕೂ ಆರಾರು ಸುತ್ತಿನ ಗಿರಕಿಗಳನ್ನು ತೋರಿಸಿ ಸುಖವಾಗಿ ಹೊರಬಂತೆಂದು 2022ರ ಜನವರಿಯಲ್ಲಿ ಸಂಸ್ಥೆ ಪ್ರಕಟಿಸಿತು; ಈಗ ಅದರ ಹೆಸರು ಯಶಸ್.

ಇಲ್ಲಿ ಮಿಡಿಯುವ ಧಾರೆಗಳನ್ನಿಟ್ಟಿದ್ದರೆ ಅಷ್ಟು ವರ್ಷಗಳು ಉಳಿಯುತ್ತಿದ್ದುವಲ್ಲವೆ ಎಂದು ಯಾರಾದರೂ ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ಇಲ್ಲ. ಮಿಡಿತ ಫಲಿಸುವುದು ಹರಿವು ಬಿಡಲೋ ಬೇಡವೋ ಎಂಬಂತಿರುವ ಅಂಚಿನಲ್ಲಿ, ಮುಖ್ಯ ಪ್ರವಾಹ ಇನ್ನೂ ಕೈಗೆಟಕುವಷ್ಟು ಹತ್ತಿರದಲ್ಲಿರುವಾಗ. ಗಿರಕಿಯಲ್ಲಿ ಬೀಳುತ್ತಿರುವ ವಿಮಾನಕ್ಕೆ ಗಾಳಿ ಬರುವುದು ಬಹುಮಟ್ಟಿಗೆ ಕೆಳಗಿನಿಂದ. ಬಾಲವೆಲ್ಲ ರೆಕ್ಕೆ, ಒಡಲು, ಅಡ್ಡಬಾಲಗಳ ಸುಳಿಯಲ್ಲಿ ಮುಳುಗಿರುತ್ತದೆ. ಮೊಗೆದು ತರತಕ್ಕ ಬಲವಾದ ಗಾಳಿಯೇ ಅಲ್ಲಿ ಹತ್ತಿರದಲ್ಲಿಲ್ಲದಿರುವಾಗ ಮೂತಿ ಎಷ್ಟು ಚತುರವಾಗಿ ಮಿಡಿದರೇನು? ಅಂಥಲ್ಲಿ ಲೋಹವನ್ನು ಸರಿಸುವುದೇ ವಿವೇಕ.

ಹೆಲಿಕಾಪ್ಟರಿನ ಬಾಲದ ಕಥೆ ಬೇರೆ. ಗುಬ್ಬಿಯ ಕಾರ್ಖಾನೆಯ ಮೊದಲ ಯಂತ್ರವಾದ, 2016ರ ಸೆಪ್ಟೆಂಬರ್ 6ರಂದು ಬೆಂಗಳೂರಿನಲ್ಲಿ ಪ್ರಥಮ ಹಾರಾಟ ಮಾಡಿದ 3 ಟನ್ ವರ್ಗದ ಲಘು ಹೆಲಿಕಾಪ್ಟರಿನಲ್ಲಿ, ಮೇಲಿನ ಅಲಗುಗಳು ಒಂದು ಕಡೆಗೆ ತಿರುಗಿದರೆ ಒಡಲು ಮತ್ತೊಂದು ಕಡೆಗೆ ತಿರುಗುವುದನ್ನು ತಡೆಯಲು ಬಾಲದ ತುದಿಯಲ್ಲಿ ಚಿಕ್ಕ ರೋಟರ್ ಒಂದಿದೆ. ಇದೇ ಕೆಲಸವನ್ನು ಗಾಳಿಯ ಧಾರೆಯಿಂದ ಮಾಡಿಸಿದವರೂ ಇದ್ದಾರೆ. ಅಮೆರಿಕದ ಹ್ಯೂಸ್ ಸಂಸ್ಥೆಯವರು ಬಾಲದ ಕೊಳವೆಯ ಪಕ್ಕದಲ್ಲಿ ಉದ್ದವಾದ ಸೀಳುಗಳನ್ನು ಕೊರೆದು, ಒಳಗಿನ ಫ್ಯಾನಿನಿಂದ ಅವುಗಳ ಮೂಲಕ ಗಾಳಿಯನ್ನು ಹರಿಸಿ, ಮೇಲಿನ ಅಲಗುಗಳಿಂದ ಇಳಿದುಬರುವ ಗಾಳಿ ಕೊಳವೆಯ ಒಂದು ಮಗ್ಗುಲಿಗೆ ಹೆಚ್ಚು ಹೊತ್ತು ಅಂಟಿಕೊಳ್ಳುವಂತೆ ಮಾಡಿದರು. ಕೊಳವೆಯೇ ಪಾರ್ಶ್ವಬಲವನ್ನು ಹುಟ್ಟಿಸುವ ರೆಕ್ಕೆಯಾಯಿತು. 1981ರಲ್ಲಿ ಹಾರಿದ ಆ ಪ್ರಯೋಗದಿಂದ 1991ರಲ್ಲಿ ಎಂಡಿ 520ಎನ್ ಎಂಬ ಯಂತ್ರ ಮಾರುಕಟ್ಟೆಗೆ ಬಂತು. ಸದ್ದು ಕಡಮೆ, ನೆಲದ ಮೇಲಿರುವವರಿಗೆ ಹಿಂದಿನ ರೋಟರ್ ತಗುಲುವ ಭಯವಿಲ್ಲ; ಆದರೂ ಅದು ಬಹಳ ಹಬ್ಬಲಿಲ್ಲ. ಒಂದು ಉಪಾಯ ಕೆಲಸಮಾಡುತ್ತದೆಂಬುದಕ್ಕೂ ಅದು ವ್ಯಾಪಾರದಲ್ಲಿ ನಿಲ್ಲುತ್ತದೆಂಬುದಕ್ಕೂ ಬಹಳ ಅಂತರವುಂಟು.

ವಿಮಾನದ ಬಾಲದ ಮೇಲಿನ ಧಾರೆಗಳಿಗೂ ಇದೇ ಅಂತರ ಎದುರಾಗಿದೆ. 2015ರ ಹಾರಾಟವಾಗಿ ಹತ್ತು ವರ್ಷಗಳು ಕಳೆದುವು. ಪ್ರಯಾಣಿಕರ ಸೇವೆಯಲ್ಲಿ ಅವುಗಳ ಬಲದಿಂದ ಬಾಲವನ್ನು ಕಿರಿದುಮಾಡಿದ ವಿಮಾನ ಇನ್ನೂ ಬಂದಿಲ್ಲ. ಕಾರಣ ಗಾಳಿಯಲ್ಲಿಲ್ಲ, ಭರವಸೆಯಲ್ಲಿದೆ. ಬಾಲದ ಲೋಹವನ್ನು ನಂಬಬಹುದು; ಅದಕ್ಕೆ ಗುಂಡಿಯನ್ನೊತ್ತಬೇಕಾಗಿಲ್ಲ. ಧಾರೆಗಳನ್ನು ನಂಬಿ ಬಾಲವನ್ನು ಕಿರಿದುಮಾಡಿದ ಮೇಲೆ, ಎಂಜಿನ್ ನಿಂತ ಆ ಒಂದು ಘಳಿಗೆಯಲ್ಲಿ ಅವು ಮಿಡಿಯದೆಹೋದರೆ ಗತಿಯೇನು ಎಂಬ ಪ್ರಶ್ನೆಗೆ ವಿಮಾನಗಳಿಗೆ ಅರ್ಹತಾಪತ್ರ ನೀಡುವ ಅಧಿಕಾರಿಗಳು ಉತ್ತರ ಕೇಳುತ್ತಾರೆ, ಕೇಳಬೇಕಾದುದು ನ್ಯಾಯವೇ. ಕೆಟ್ಟ ಎಂಜಿನ್ನಿನಿಂದ ಗಾಳಿಯನ್ನು ತರುವಂತಿಲ್ಲ. ಸರಿಯಿರುವ ಎಂಜಿನ್ನಿನಿಂದ ತಂದರೆ ಅತ್ಯವಶ್ಯವಾದ ನೂಕುಬಲದಲ್ಲಿ ಕೊರತೆಯಾಗುತ್ತದೆ. ಸಹಾಯಕ ಎಂಜಿನ್ನಿನಿಂದ ತರುವುದಾದರೆ ಪ್ರತಿಯೊಂದು ಏರಿಕೆಯಲ್ಲಿಯೂ ಇಳಿಕೆಯಲ್ಲಿಯೂ ಅದನ್ನು ನಡೆಸುತ್ತಲೇ ಇರಬೇಕು. ಇದರ ಮೇಲೆ ಧೂಳು, ಮಳೆ, ಕೀಟಗಳು. ವಿಮಾನದ ವೇಗವನ್ನಳೆಯುವ ಕೊಳವೆಯ ಬಾಯಲ್ಲಿ ಕಣಜ ಗೂಡು ಕಟ್ಟಿ ಅನರ್ಥವಾದ ಪ್ರಸಂಗಗಳುಂಟು. ಬಾಲದ ಮೈಯುದ್ದಕ್ಕೂ ಮೂವತ್ತು ಬಾಯಿಗಳನ್ನು ತೆರೆದಿಟ್ಟರೆ ನಮ್ಮ ಬಯಲುಸೀಮೆಯ ಬೇಸಗೆಯ ಧೂಳಿನಲ್ಲಿ ಅವನ್ನು ಶುದ್ಧವಾಗಿಡುವುದು ಸಣ್ಣ ಕೆಲಸವಲ್ಲ. ಚಲಿಸುವ ಭಾಗಗಳಿಲ್ಲದ ಬೀಸುವ ಮೂತಿಗಳನ್ನೇ ಹಾರಾಟಕ್ಕೆ ಆರಿಸಿದುದರ ಔಚಿತ್ಯ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಇವು ಮೊದಲು ನೆಲೆಗೊಳ್ಳುವುದು ಎಲ್ಲಿಯಾದೀತೆಂದು ಊಹಿಸುವುದಾದರೆ, ನನ್ನ ದೃಷ್ಟಿ ಹೋಗುವುದು ವಿಮಾನಗಳ ಕುಟುಂಬದಲ್ಲಿ ಎಲ್ಲಕ್ಕಿಂತ ಗಿಡ್ಡನಾದ ಸದಸ್ಯನ ಕಡೆಗೆ. ತಯಾರಕರು ಒಂದೇ ರೆಕ್ಕೆ, ಒಂದೇ ಬಗೆಯ ಎಂಜಿನ್ನುಗಳನ್ನಿಟ್ಟುಕೊಂಡು ಒಡಲನ್ನು ಮಾತ್ರ ಉದ್ದ ಅಥವಾ ಗಿಡ್ಡ ಮಾಡಿ ಹಲವು ಮಾದರಿಗಳನ್ನು ಮಾರುತ್ತಾರೆ. ಒಡಲು ಗಿಡ್ಡವಾದಂತೆ ಬಾಲ ಭಾರಕೇಂದ್ರಕ್ಕೆ ಹತ್ತಿರವಾಗಿ ಸನ್ನೆಯ ತೋಳು ಕುಗ್ಗುತ್ತದೆ. ಆದುದರಿಂದ ಚಿಕ್ಕ ವಿಮಾನಕ್ಕೆ ದೊಡ್ಡ ಬಾಲ ಬೇಕಾಗುವ ವಿಚಿತ್ರ ಸಂದರ್ಭ ಬರುತ್ತದೆ. ಬೋಯಿಂಗ್ 747ರ ಗಿಡ್ಡ ರೂಪವಾದ 747ಎಸ್‌ಪಿಗೂ, ಏರ್‌ಬಸ್ ಎ320 ಕುಟುಂಬದ ಕಿರಿಯನಾದ ಎ318ಕ್ಕೂ ತಮ್ಮ ಅಣ್ಣಂದಿರಿಗಿಂತ ಎತ್ತರದ ಬಾಲಗಳನ್ನು ಕಟ್ಟಬೇಕಾಯಿತು. ಕೆಲವೇ ವಿಮಾನಗಳಿಗಾಗಿ ಬೇರೆ ಬಾಲವನ್ನು ರಚಿಸಿ, ಪರೀಕ್ಷಿಸಿ, ಅರ್ಹತೆ ಪಡೆಯುವ ವೆಚ್ಚವನ್ನು ತಯಾರಕರು ಭರಿಸಿದರು. ಇಡೀ ಕುಟುಂಬಕ್ಕೆ ಒಂದೇ ಬಾಲವನ್ನಿಟ್ಟು, ಗಿಡ್ಡ ಮಾದರಿಯೊಂದಕ್ಕೆ ಮಾತ್ರ ಕೀಲಿನ ಬಳಿ ಮೂತಿಗಳ ಸಾಲನ್ನು ಜೋಡಿಸಿದರೆ ಆ ವೆಚ್ಚವೂ ಉಳಿಯುತ್ತದೆ, ಉದ್ದನೆಯ ಮಾದರಿಗಳು ಧಾರೆಗಳ ಗೊಡವೆಯಿಲ್ಲದೆ ಹಾರುತ್ತವೆ. ಅಧಿಕಾರಿಗಳಿಗೂ ಹೊಸ ಸಾಧನದ ನಡತೆಯನ್ನು ಕೆಲವು ವಿಮಾನಗಳಲ್ಲಿ ವರ್ಷಗಟ್ಟಲೆ ನೋಡಿ ತೀರ್ಮಾನಿಸಲು ಅವಕಾಶ ದೊರೆಯುತ್ತದೆ.